ಹಗೇವಿನ ಬಾಯಲ್ಲಿ ಚೆಲ್ಲಿದ ಕಾಳು

ಮೂಡಣ ದೇಶಕ್ಕೂ ಪಡುವಣ ದೇಶಕ್ಕೂ ಒಂದು ಬೋಳುಗುಡ್ಡದ ಸಲುವಾಗಿ ಯುದ್ಧ ನಡೆಯುತ್ತಿತ್ತು. ಆ ಗುಡ್ಡದ ಮೇಲೆ ಒಂದು ಮರವೂ ಇರಲಿಲ್ಲ. ಆದರೂ ಎರಡೂ ಕಡೆಯವರಿಗೆ ಅದು ಬೇಕಾಗಿತ್ತು.

ಮೂಡಣ ದೇಶದ ಒಂದು ಸಂಜೆ ಪತ್ರಿಕೆ ಯುದ್ಧದ ಸುದ್ದಿ ಬರೆಯಲು ಮಂದಾಕಿನಿ ಎಂಬ ವರದಿಗಾರ್ತಿಯನ್ನು ಅಲ್ಲಿಗೆ ಕಳಿಸಿತ್ತು. ಸೈನಿಕರ ಬಿಡಾರದ ಪಕ್ಕದಲ್ಲೇ ಅವಳ ಡೇರೆ. ಗುಂಡಿನ ಸದ್ದಿಗೆ ಅವಳು ಬೆಚ್ಚುತ್ತಿರಲಿಲ್ಲ. ಸುದ್ದಿಯ ವಾಸನೆ ಬಂದರೆ ಮಾತ್ರ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಅದೇ ಬಿಡಾರದಲ್ಲಿ ಮೇಜರ್ ಅಚ್ಯುತ ಎಂಬ ಅಧಿಕಾರಿ ಇದ್ದರು. ಸೇನೆಯ ಒಳಗಿನ ಮಾತನ್ನು ಹೊರಗೆ ಹೇಳುವವರನ್ನು ಹಿಡಿಯುವುದು ಅವರ ಕೆಲಸ. ಅವರು ಯಾರನ್ನೂ ಗದರಿಸುತ್ತಿರಲಿಲ್ಲ. ಕೆಂಪು ಪೆನ್ಸಿಲ್ ಹಿಡಿದು ಪತ್ರಿಕೆ ಓದುತ್ತಿದ್ದರು, ಅಷ್ಟೆ. ಹಿಂದೊಮ್ಮೆ ಬೇರೆ ಪತ್ರಿಕೆಯವರು ‘ಹೆಸರು ಹೇಳಲು ಇಚ್ಛಿಸದ ಸೈನಿಕರೊಬ್ಬರು’ ಎಂದು ಬರೆದು, ಆ ಸೈನಿಕನ ಮಾತನ್ನು ಇದ್ದಂತೆಯೇ ಅಚ್ಚು ಹಾಕಿದ್ದರು: “ಇಲ್ಲಿಯ ರೊಟ್ಟಿಗಿಂತ ಕಲ್ಲೇ ಮೆತ್ತಗೆ ಮಾರಾಯ್ರೇ!” ಮೇಜರರು ‘ಮಾರಾಯ್ರೇ’ ಎಂಬುದರ ಕೆಳಗೆ ಒಂದು ಗೆರೆ ಎಳೆದರು. ಆ ತುಕಡಿಯಲ್ಲಿ ಕಡಲತೀರದವನು ಒಬ್ಬನೇ ಇದ್ದ. ಸಂಜೆಯೊಳಗೆ ಅವನಿಗೆ ಕೋಳ ತೊಡಿಸಿ ಕರೆದುಕೊಂಡು ಹೋದರು. ಅವನು ಮತ್ತೆ ಬರಲಿಲ್ಲ.

ಈ ಸಂಗತಿ ಮಂದಾಕಿನಿಗೆ ಗೊತ್ತಿತ್ತು. ‘ನಾನು ಅಂಥ ತಪ್ಪು ಮಾಡುವವಳಲ್ಲ’ ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಅವಳು ಅಡುಗೆ ಡೇರೆಯ ಹಿಂದೆ ನೀರಿನ ತೊಟ್ಟಿಯ ಬಳಿ ಮುಖ ತೊಳೆಯುತ್ತಿದ್ದಳು. ಹವಾಲ್ದಾರ ಗುರುಪಾದಪ್ಪ ಅಲ್ಲಿಗೆ ಬಂದ. ಅವನು ಎರೆನೆಲದ ಸೀಮೆಯವನು. ಮಂದಾಕಿನಿಯೂ ಅದೇ ಸೀಮೆಯಲ್ಲಿ ಹುಟ್ಟಿದವಳು. ಆ ತುಕಡಿಯಲ್ಲಿ ಆ ಕಡೆಯವರು ಬೇರೆ ಯಾರೂ ಇರಲಿಲ್ಲ. ಅವನ ಎಡಗೈಗೆ ಬಟ್ಟೆ ಸುತ್ತಿತ್ತು. ಬಲಗೈಯಿಂದ ತಟ್ಟೆ ಉಜ್ಜುತ್ತ, ಅವಳ ಕಡೆ ನೋಡದೆ ಮಾತಾಡಿದ.

“ಅಕ್ಕಾರ, ನಿಮ್ಮನ್ನ ನಂಬಿ ಒಂದು ಮಾತು ಹೇಳ್ತೀನಿ. ನನ್ನ ಹೆಸರು ಹೊರಗ ಬರಬಾರದು.”

“ಬರೋದಿಲ್ಲ. ಮಾತು ಕೊಡ್ತೀನಿ.”

“ಗುಡ್ಡದ ಕೆಳಗ ಸುರಂಗ ತೋಡ್ಯಾರಲ್ಲ, ಅದರೊಳಗ ಗಾಳಿ ಇಲ್ರಿ. ಗಾಳಿ ತಳ್ಳೋ ಯಂತ್ರ ಕೆಟ್ಟೈತಿ. ಹೋದ ವಾರ ಇಬ್ಬರು ಸತ್ತರು ನೋಡ್ರಿ, ಶತ್ರುವಿನ ಗುಂಡಿಗೆ ಸತ್ತರು ಅಂತ ಅವರ ಮನಿಗೆ ಬರದು ಕಳಿಸ್ಯಾರ. ಗುಂಡೂ ಇಲ್ಲ ಏನೂ ಇಲ್ಲ. ನಿದ್ದಿ ಬರ್ತೈತಿ ಅಂದ್ರು. ಕುಂತಲ್ಲೇ ಹೋದ್ರು. ಹೊತ್ತು ತಂದವ ನಾನು. ಮೈಮ್ಯಾಲ ಒಂದು ಗೀರು ಸೈತ ಇರಲಿಲ್ಲ.”

ಮಂದಾಕಿನಿಯ ಕೈಯಲ್ಲಿದ್ದ ನೀರು ಸೋರಿಹೋಯಿತು. “ಅಧಿಕಾರಿಗಳಿಗೆ ಹೇಳಲಿಲ್ಲವಾ?”

“ಎಲ್ಲಾರೂ ಕೂಡೇ ಹೇಳಿದ್ವಿ. ಪುಕ್ಕಲರು ಅಂದ್ರು. ನಾಳೆ ಮಧ್ಯಾಹ್ನ ಉಂಡ ಮ್ಯಾಲ ಇಡೀ ತುಕಡಿ ಒಳಗ ಇಳೀಬೇಕು ಅಂತ ಹುಕುಂ ಆಗೈತಿ. ಅದು ಸುರಂಗ ಅಲ್ಲ ಅಕ್ಕಾರ. ಬಾಯಿ ಮುಚ್ಚಿದ ಹಗೇವು.”

ಹಗೇವು ಎಂದರೆ ಏನೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ಮಕ್ಕಳೇ. ಎರೆನೆಲದ ಸೀಮೆಯಲ್ಲಿ ಜೋಳವನ್ನು ಕೂಡಿಡಲು ನೆಲದಲ್ಲಿ ಬಾವಿಯಂತೆ ಆಳವಾದ ಗುಳಿ ತೋಡುತ್ತಾರೆ. ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಸಾರಿಸುತ್ತಾರೆ. ಅದೇ ಹಗೇವು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ತೆರೆದ ಕೂಡಲೇ ಇಳಿದವನು ಜೀವಂತವಾಗಿ ಮೇಲೆ ಬರುವುದು ಕಷ್ಟ. ಅದಕ್ಕೇ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು.

ಗುರುಪಾದಪ್ಪ ತಟ್ಟೆ ತೊಳೆದು ನಿಂತ. ಹೋಗುವ ಮೊದಲು ಇನ್ನೊಂದು ಮಾತು ಹೇಳಿದ. “ನಮ್ಮವ್ವ ಒಂದು ವರ್ಷ ಹಗೇವು ಮುಚ್ಚಿ ನೆಲ ಹೆಂಗ ಸಾರಿಸಿದ್ಲು ಅಂದ್ರ, ನಮಗೇ ಜಾಗ ಗೊತ್ತಾಗ್ತಿರಲಿಲ್ಲ. ಆದ್ರ ತುಂಬೋ ಮುಂದ ಸುತ್ತಲೂ ನಾಕು ಕಾಳು ಚೆಲ್ಲಿದ್ವು. ಅದನ್ನ ತಿನ್ನಾಕ ಗುಬ್ಬಿ ಬಂದ್ವು. ಗುಬ್ಬಿ ಕೂತದ್ದು ನೋಡಿ ಕಳ್ಳರು ಬಂದ್ರು. ನೆಪ್ಪಿರಲಿ ಅಕ್ಕಾರ.”

ಮಂದಾಕಿನಿ ತಲೆಯಾಡಿಸಿದಳು. ಆದರೆ ಅವಳ ಕಿವಿಯಲ್ಲಿ ಗುಬ್ಬಿಯ ಮಾತು ನಿಲ್ಲಲಿಲ್ಲ. ‘ಬಾಯಿ ಮುಚ್ಚಿದ ಹಗೇವು’ ಎಂಬುದೇ ಗುಂಯ್‌ಗುಡುತ್ತಿತ್ತು. ಎಂಥ ಮಾತು! ಎಂಥ ಶೀರ್ಷಿಕೆ!

ಅವಳು ರೈಲು ನಿಲ್ದಾಣಕ್ಕೆ ಓಡಿದಳು. ಸುತ್ತಮುತ್ತ ಟೆಲಿಫೋನ್ ಇದ್ದದ್ದು ಅಲ್ಲಿ ಮಾತ್ರ. ದಾರಿಯಲ್ಲೇ ಮನಸ್ಸಿನಲ್ಲಿ ವರದಿ ಸಿದ್ಧವಾಯಿತು. ಎಚ್ಚರಿಕೆಯಿಂದಲೇ ಸಿದ್ಧಮಾಡಿಕೊಂಡಳು. ಗುರುಪಾದಪ್ಪನ ಹೆಸರು ಬಿಟ್ಟಳು. ‘ಅಕ್ಕಾರ’ ಬಿಟ್ಟಳು. ‘ಐತಿ’ ಎಂಬುದನ್ನೆಲ್ಲ ‘ಇದೆ’ ಮಾಡಿದಳು. ‘ಹಗೇವು’ ಮಾತ್ರ ಹಾಗೇ ಉಳಿಯಿತು. ಅದು ಅವಳ ತಾಯಿಯ ಮನೆಯಲ್ಲೂ ಇದ್ದ ಪದ. ಕೇಳಿ ಕೇಳಿ ಅಭ್ಯಾಸವಾದ ಪದ. ಅದು ಒಂದು ಸೀಮೆಯದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಸ್ಟೇಷನ್ ಮಾಸ್ಟರ್ ಇಸ್ಮಾಯಿಲ್ ಸಾಹೇಬರು ಟೆಲಿಫೋನನ್ನು ಅವಳ ಕಡೆ ತಳ್ಳಿ, ಹಸಿರು ಬಾವುಟ ಎತ್ತಿಕೊಂಡು ಹೊರಗೆ ಹೋದರು. ಆ ಕಡೆ ಸಂಪಾದಕ ವಾಸುದೇವಯ್ಯನವರೇ ಸಿಕ್ಕರು. ಅವಳು ಒಂದೇ ಉಸಿರಿನಲ್ಲಿ ವರದಿ ಹೇಳಿದಳು. ಅವರು ಬರೆದುಕೊಂಡರು.

“ಭೇಷ್! ಶೀರ್ಷಿಕೆ?”

“‘ಅದು ಸುರಂಗವಲ್ಲ, ಹಗೇವು!’ ಉದ್ಧರಣ ಚಿಹ್ನೆ ಹಾಕಿ ಸಾರ್. ಸೈನಿಕನ ಮಾತು ಅದು.”

“ಹ... ಏನು? ಹಗೆ? ದ್ವೇಷವಾ?”

“ಅಲ್ಲ ಸಾರ್. ಹ, ಗೇ, ವು. ನೆಲದೊಳಗಿನ ಕಣಜ.”

“ಓಹೋ. ನಾನು ಇಷ್ಟು ವರ್ಷ ಅಕ್ಷರದ ಜೊತೆ ಬದುಕಿದ್ದೇನೆ, ಈ ಪದ ಕೇಳಿಯೇ ಇಲ್ಲವಲ್ಲಮ್ಮ. ಅಚ್ಚಿನವರು ನನ್ನನ್ನು ಕೇಳಿದರೆ ಹೇಳಬೇಕು. ಯಾರ ಕಡೆಯ ಮಾತಿದು?”

ಮಂದಾಕಿನಿ ಉತ್ತರ ಕೊಡಲು ಬಾಯಿ ತೆರೆದಳು.

ಯಾರ ಕಡೆಯ ಮಾತಿದು? ಮೇಜರ್ ಅಚ್ಯುತರು ಕೇಳುವುದೂ ಇದೇ ಪ್ರಶ್ನೆಯನ್ನಲ್ಲವೇ! ಕೆಂಪು ಪೆನ್ಸಿಲು ‘ಹಗೇವು’ ಎಂಬುದರ ಕೆಳಗೆ ಹರಿದಾಡಿದ್ದು ಅವಳ ಕಣ್ಣಿಗೆ ಕಟ್ಟಿತು. ಎರೆನೆಲದ ಸೀಮೆಯವನು ಯಾರು? ಒಬ್ಬನೇ. ಚೆಲ್ಲಿದ ಕಾಳು. ಗುಬ್ಬಿ.

“ಸಾರ್, ಆ ಪದ ತೆಗೆಯಿರಿ! ಸಾರ್, ಕೂಡಲೇ...”

ಗುಡ್ಡದಾಚೆ ಢಮಾರ್ ಎಂದಿತು. ಕಿಟಕಿಯ ಗಾಜು ಉದುರಿತು. ಟೆಲಿಫೋನಿನಲ್ಲಿ ಸದ್ದೇ ಇಲ್ಲ.

ಇಸ್ಮಾಯಿಲ್ ಸಾಹೇಬರು ಒಳಗೆ ನುಗ್ಗಿದರು. “ತಂತಿ ಕಡಿದು ಹೋಯಿತಮ್ಮ! ಕಂಬಕ್ಕೇ ಬಿತ್ತು ಗುಂಡು!”

“ಮುಂದಿನ ಟೆಲಿಫೋನ್ ಎಲ್ಲಿದೆ?”

“ಮುಂದಿನ ನಿಲ್ದಾಣದಲ್ಲಿ. ಆದರೆ ಇನ್ನು ಸಂಜೆವರೆಗೂ ಗಾಡಿ ಇಲ್ಲ.”

ಸಂಜೆಯ ಹೊತ್ತಿಗೆ ಪತ್ರಿಕೆ ಅಚ್ಚಾಗಿ ರಾಜಧಾನಿಯ ಬೀದಿಗಳಲ್ಲಿ ಹುಡುಗರು ಕೂಗಿ ಮಾರುತ್ತಿರುತ್ತಾರೆ. ಮಂದಾಕಿನಿ ಹೊರಗೆ ನೋಡಿದಳು. ಹಳಿಯ ಪಕ್ಕದಲ್ಲಿ ಒಂದು ಟ್ರಾಲಿ ಮಗುಚಿಕೊಂಡು ಬಿದ್ದಿತ್ತು. ಹಳಿ ರಿಪೇರಿಯವರು ತಳ್ಳಿಕೊಂಡು ಓಡಾಡುವ ನಾಲ್ಕು ಚಕ್ರದ ಹಲಗೆ ಅದು.

“ಸಾಹೇಬರೇ, ಅದು ಓಡುತ್ತದಾ?”

“ಇಳಿಜಾರಲ್ಲಿ ಓಡುತ್ತೆ. ನಿಲ್ಲೋದೇ ಕಷ್ಟ.”

“ನನ್ನನ್ನು ಕರೆದುಕೊಂಡು ಹೋಗಿ.”

“ತಮಾಷೆಯಾ? ನನ್ನ ಕೆಲಸ ಹೋಗುತ್ತೆ ತಾಯೀ! ಏನು ಅಂಥ ಅವಸರ?”

“ಒಬ್ಬನ ಜೀವ. ಯಾರು ಅಂತ ಮಾತ್ರ ಕೇಳಬೇಡಿ.”

ಸಾಹೇಬರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಟೋಪಿಯನ್ನು ಕಿವಿವರೆಗೆ ಎಳೆದುಕೊಂಡರು. “ಕೇಳಲ್ಲ. ಗಟ್ಟಿಯಾಗಿ ಹಿಡ್ಕೊ. ಬಿದ್ದರೆ ಮಾತ್ರ ನನ್ನನ್ನು ಬಯ್ಯಬೇಡ.”

ಇಬ್ಬರೂ ಸೇರಿ ಟ್ರಾಲಿಯನ್ನು ಹಳಿಗೆ ಏರಿಸಿದರು. ತಳ್ಳಿ, ಓಡಿ, ಹತ್ತಿದರು. ಟ್ರಾಲಿ ಮೊದಲು ಕುಂಟಿತು. ಆಮೇಲೆ ಗಡಗಡ ಎಂದಿತು. ಇಳಿಜಾರು ಸಿಕ್ಕಿದ್ದೇ ತಡ, ಬಿಟ್ಟ ಬಾಣದ ಹಾಗೆ ಹೊರಟಿತು. ಗಾಳಿಗೆ ಮಂದಾಕಿನಿಯ ಜಡೆ ಬಿಚ್ಚಿತು. ಸಾಹೇಬರ ಟೋಪಿ ಹಾರಿತು. “ಹೋಗಲಿ ಬಿಡು, ಸರ್ಕಾರದ್ದೇ!” ಎಂದು ಅವರು ಕೂಗಿದರು. ಸೇತುವೆ ಬಂತು. ಕೆಳಗೆ ನೀರು ಮಿಂಚಿ ಮಾಯವಾಯಿತು. ಹಳಿಯ ಮೇಲೆ ಒಂದು ಎಮ್ಮೆ ನಿಂತಿತ್ತು.

“ಏಯ್! ಹೈ! ಸರೀ ಆಚೆ!”

ಎಮ್ಮೆ ತಿರುಗಿ ನೋಡಿತು. ಸಾಹೇಬರು ಬ್ರೇಕಿನ ಮರವನ್ನು ಎರಡೂ ಕೈಯಲ್ಲಿ ಒತ್ತಿದರು. ಚಕ್ರದಿಂದ ಕಿಡಿ ಹಾರಿತು. ಎಮ್ಮೆ ಬಾಲ ಬೀಸಿ ನಿಧಾನವಾಗಿ ಹಳಿ ದಾಟಿತು. ಟ್ರಾಲಿ ಅದರ ಬಾಲ ಸವರಿಕೊಂಡು ಹೋಯಿತು.

“ಇದಕ್ಕೆ ಯುದ್ಧವೂ ಇಲ್ಲ, ಪತ್ರಿಕೆಯೂ ಇಲ್ಲ. ಪುಣ್ಯಾತ್ಮ ಪ್ರಾಣಿ!” ಎಂದರು ಸಾಹೇಬರು.

ಮುಂದಿನ ನಿಲ್ದಾಣ ಬಂತು. ಟ್ರಾಲಿ ನಿಲ್ಲುವ ಮೊದಲೇ ಮಂದಾಕಿನಿ ಹಾರಿದಳು. ಮೊಣಕಾಲು ತರಚಿತು. ಓಡಿ ಹೋಗಿ ಟೆಲಿಫೋನ್ ಹಿಡಿದಳು. ಆ ಕಡೆ ಅಚ್ಚಿನ ಯಂತ್ರದ ಸದ್ದು ಆಗಲೇ ಕೇಳಿಸುತ್ತಿತ್ತು.

“ಸಾರ್, ನಿಲ್ಲಿಸಿ! ‘ಹಗೇವು’ ತೆಗೆಯಿರಿ!”

ವಾಸುದೇವಯ್ಯನವರು ಸಿಡುಕಿದರು. “ಅಕ್ಷರ ಜೋಡಿಸಿ ಆಗಿದೆ. ಮಸಿ ಬಳಿದು ಆಗಿದೆ. ನೀನೇ ಅಲ್ಲವಾ ಅದಕ್ಕೆ ಕುಣಿದಾಡಿದವಳು? ಆ ಒಂದು ಪದದಲ್ಲೇ ಇಡೀ ವರದಿಯ ಜೀವ ಇದೆ.”

“ಆ ಒಂದು ಪದದಲ್ಲಿ ಒಬ್ಬನ ಜೀವ ಇದೆ ಸಾರ್.”

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಅವರ ದನಿ ತಗ್ಗಿತು. “ಆ ಪದ ನಿನಗೂ ಗೊತ್ತಿತ್ತಲ್ಲ, ನೀನೂ ಅದೇ ಕಡೆಯವಳಲ್ಲವಾ? ಅದು ನನ್ನದೇ ಪದ ಅಂದುಬಿಡು.”

“ಅನ್ನಬಹುದು. ಆದರೆ ‘ನಿಮ್ಮ ಕಡೆಯವನು ಇಲ್ಲಿ ಯಾರಿದ್ದಾನೆ?’ ಅಂತ ಮೇಜರ್ ಅಚ್ಯುತರ ಮುಂದಿನ ಪ್ರಶ್ನೆ ಬರುತ್ತದೆ. ಆಗ ನಾನೇ ಬೆರಳು ತೋರಿಸಿದ ಹಾಗಾಗುತ್ತದೆ.”

“ಹಾಗಾದರೆ ಇಡೀ ವರದಿಯನ್ನೇ ತೆಗೆಯಲಾ?”

ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. ವರದಿ ತೆಗೆದರೆ ಗುರುಪಾದಪ್ಪ ಸಿಕ್ಕಿಬೀಳುವುದಿಲ್ಲ. ಆದರೆ ನಾಳೆ ಅವನೂ ತುಕಡಿಯ ಜೊತೆ ಸುರಂಗಕ್ಕೆ ಇಳಿಯುತ್ತಾನೆ. ಅವನು ಅಪಾಯಕ್ಕೆ ಕೈಹಾಕಿ ಮಾತಾಡಿದ್ದು ಅದನ್ನು ತಪ್ಪಿಸುವುದಕ್ಕೇ.

“ಬೇಡ ಸಾರ್. ವರದಿ ಇರಲಿ. ಕಾಳು ಆರಿಸೋಣ.”

“ಏನು ಆರಿಸೋಣ?”

“ಓದುತ್ತಾ ಹೋಗಿ. ನಾನು ಹೇಳುತ್ತೇನೆ.”

ಅವರು ಓದಿದರು. ಅವಳು ಕಣ್ಣು ಮುಚ್ಚಿ, ಮೇಜರರ ಕಿವಿಯಿಂದ ಕೇಳಿದಳು. “‘ಹೆಣ ಹೊತ್ತು ತಂದವರೊಬ್ಬರು’ ತೆಗೆಯಿರಿ. ‘ಎಡಗೈಗೆ ಗಾಯವಾಗಿದ್ದ’ ತೆಗೆಯಿರಿ. ‘ತಟ್ಟೆ ತೊಳೆಯುತ್ತ’ ತೆಗೆಯಿರಿ.”

“ಎಲ್ಲ ತೆಗೆದರೆ ಇನ್ನೇನು ಉಳಿಯಿತಮ್ಮ?”

“ಗಾಳಿಯ ಯಂತ್ರ ಕೆಟ್ಟಿದೆ. ಇಬ್ಬರು ಉಸಿರುಗಟ್ಟಿ ಸತ್ತಿದ್ದಾರೆ. ನಾಳೆ ಮಧ್ಯಾಹ್ನ ತುಕಡಿ ಇಳಿಯಬೇಕು. ನಿಜ ಅಷ್ಟೂ ಉಳಿದಿದೆ. ‘ಸುರಂಗದಲ್ಲಿ ಗಾಳಿ ಇಲ್ಲ’ ಅಂತ ಶೀರ್ಷಿಕೆ ಹಾಕಿ.”

“ಉಪ್ಪಿಲ್ಲದ ಸಾರು!”

“ಇವತ್ತು ಉಪ್ಪಿಲ್ಲದೆ ಉಣ್ಣಲಿ ಸಾರ್.”

ವಾಸುದೇವಯ್ಯನವರು ನಿಟ್ಟುಸಿರು ಬಿಟ್ಟರು. ಆಮೇಲೆ ಅವರು “ನಿಲ್ಲಿಸ್ರೋ ಯಂತ್ರಾನ!” ಎಂದು ಕಿರುಚಿದ್ದು ಟೆಲಿಫೋನಿಲ್ಲದೆಯೂ ಕೇಳಿಸುವಂತಿತ್ತು.

ಮರುದಿನ ಪತ್ರಿಕೆ ರೈಲಿನಲ್ಲಿ ಬಿಡಾರಕ್ಕೆ ಬಂತು. ಸೈನಿಕರು ಅಂಗಳದಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದರು. ಗುರುಪಾದಪ್ಪನೂ ಇದ್ದ. ಅವನ ತುತ್ತು ಬಾಯಿಯ ಹತ್ತಿರವೇ ನಿಂತಿತ್ತು. ದಳದ ಹಿರಿಯ ಕರ್ನಲ್ ಸಾಹೇಬರು ಕೆಂಡವಾಗಿದ್ದರು. ಪಕ್ಕದಲ್ಲಿ ಮೇಜರ್ ಅಚ್ಯುತರು ಕೆಂಪು ಪೆನ್ಸಿಲ್ ಹಿಡಿದು ನಿಂತಿದ್ದರು. ಮಂದಾಕಿನಿಯನ್ನು ಕರೆಸಿದರು.

ಮೇಜರರು ವರದಿಯನ್ನು ಗಟ್ಟಿಯಾಗಿ, ಪದ ಪದ ಬಿಡಿಸಿ ಓದಿದರು. ಓದುತ್ತ ಸಾಲಿನಲ್ಲಿದ್ದ ಮುಖಗಳನ್ನು ನೋಡಿದರು. ಪೆನ್ಸಿಲಿನ ಮೊನೆ ಕಾಗದದ ಮೇಲೆ ಅಲ್ಲಿ ಇಲ್ಲಿ ಕೂತು ಎದ್ದಿತು. ಕೊನೆಯವರೆಗೂ ಎಲ್ಲಿಯೂ ಗೆರೆ ಬೀಳಲಿಲ್ಲ.

“ಚೊಕ್ಕವಾಗಿ ಬರೆದಿದ್ದೀರಿ,” ಎಂದರು ಮೇಜರರು. “ನಿಮ್ಮ ಸೀಮೆಯವನು ಒಬ್ಬ ನಮ್ಮಲ್ಲಿದ್ದಾನೆ, ಅಲ್ಲವೇ?”

“ಇರಬಹುದು. ನಿಮ್ಮ ಸೀಮೆಯವರೂ ಹಲವರು ಇದ್ದಾರೆ. ನಮ್ಮ ಸೀಮೆಯ ಮಾತು ಒಂದಾದರೂ ಇದ್ದರೆ ತೋರಿಸಿ.”

ಸಾಲಿನಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ಮೇಜರರು ಕಾಗದವನ್ನು ಮಡಚಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು. “ಒಂದು ಒಪ್ಪಂದ ಮಾಡಿಕೊಳ್ಳೋಣ. ಹೇಳಿದವನ ಹೆಸರು ಕೊಡಿ. ಬಲ್ಲವನೇ ಹೇಳಿದ್ದಾನೆ ಎಂದಾದರೆ ಕರ್ನಲ್ ಸಾಹೇಬರು ಹುಕುಂ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಇಷ್ಟು ಜನ ಉಳಿಯುತ್ತಾರೆ. ಕೊಡದಿದ್ದರೆ ಇದು ಗಾಳಿಸುದ್ದಿ. ಊಟ ಮುಗಿದ ಮೇಲೆ ಎಲ್ಲರೂ ಇಳಿಯುತ್ತಾರೆ. ಒಬ್ಬನಾ, ಇಷ್ಟು ಜನರಾ? ನೀವೇ ಹೇಳಿ.”

ಸಾಲಿನ ಕಡೆ ಕಣ್ಣು ಹೋಗದಂತೆ ಮಂದಾಕಿನಿ ಮೇಜರರ ಅಂಗಿಯ ಗುಂಡಿಯನ್ನೇ ನೋಡಿದಳು. ಗುರುಪಾದಪ್ಪ ತಟ್ಟೆ ಕೆಳಗಿಟ್ಟ. ಅವನು ಎದ್ದು ‘ನಾನೇ’ ಎನ್ನುವುದರಲ್ಲಿದ್ದ.

ಅಷ್ಟರಲ್ಲಿ ಅವಳು ಕರ್ನಲ್ ಸಾಹೇಬರ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು. “ಸಾಹೇಬರೇ, ಯಾರನ್ನೂ ನಂಬುವುದು ಬೇಡ. ನನ್ನನ್ನೂ ನಂಬಬೇಡಿ. ಸುರಂಗದ ಬಾಯಿ ಇಲ್ಲೇ ಇದೆ. ಒಂದು ದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಡಿ. ಅದು ಉರಿಯುತ್ತಿದ್ದರೆ ನನಗೆ ಕೋಳ ತೊಡಿಸಿ. ದೀಪಕ್ಕೆ ಊರೂ ಇಲ್ಲ, ಹೆಸರೂ ಇಲ್ಲ. ಸುಳ್ಳು ಹೇಳುವುದಕ್ಕೂ ಬರುವುದಿಲ್ಲ.”

ಕರ್ನಲ್ ಸಾಹೇಬರು ಸುತ್ತ ನೋಡಿದರು. ಇಡೀ ತುಕಡಿ ಅವರನ್ನೇ ನೋಡುತ್ತಿತ್ತು. ಇಡೀ ದೇಶ ಆ ಪತ್ರಿಕೆ ಓದಿತ್ತು. “ದೀಪ ತನ್ನಿ,” ಎಂದರು.

ಸೈನಿಕರು ಊಟ ಬಿಟ್ಟು ಎದ್ದು ಬಂದರು. ಕಂದೀಲು ಹಚ್ಚಿದರು. ಸುರಂಗದ ಬಾಯಿ ಬಾವಿಯಂತೆ ನೇರವಾಗಿ ಕೆಳಗಿಳಿದಿತ್ತು. ಹಗ್ಗ ಬಿಟ್ಟರು. ಕಂದೀಲು ಇಳಿಯಿತು. ಬೆಳಕು ಗೋಡೆಯ ಮೇಲೆ ತೂಗಾಡಿತು. ಇನ್ನೂ ಇಳಿಯಿತು. ಉರಿಯುತ್ತಲೇ ಇತ್ತು. ಮೇಜರರು ಮಂದಾಕಿನಿಯ ಕಡೆ ನೋಡಿ ಮುಗುಳ್ನಕ್ಕರು. ಇನ್ನಷ್ಟು ಹಗ್ಗ ಸರಿಯಿತು.

ದೀಪ ಸಣ್ಣದಾಯಿತು. ನೀಲಿಯಾಯಿತು. ಪುಸಕ್ಕನೆ ಆರಿತು.

ಮತ್ತೊಂದು ದೀಪ ಬಿಟ್ಟರು. ಅದೂ ಅಲ್ಲೇ ಆರಿತು. ಕರ್ನಲ್ ಸಾಹೇಬರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸತ್ತ ಇಬ್ಬರ ಹೆಸರು ಆಗ ಅವರಿಗೆ ನೆನಪಾಗಿರಬೇಕು. “ಹುಕುಂ ರದ್ದು,” ಎಂದರು. ಸ್ವಲ್ಪ ತಡೆದು, “ಆ ಇಬ್ಬರ ಮನೆಗಳಿಗೆ ನಿಜ ಬರೆದು ತಿಳಿಸಿ,” ಎಂದೂ ಹೇಳಿದರು. ಮಗ ಹೇಗೆ ಹೋದ ಎಂಬುದು ತಾಯಿಗೆ ತಿಳಿದಿರಬೇಕು. ನಿಜ ತಿಳಿದರೆ ದುಃಖ ಕಡಿಮೆಯಾಗುವುದಿಲ್ಲ, ಆದರೆ ಅದು ಕೂರುವುದಕ್ಕೆ ಒಂದು ಜಾಗವಾದರೂ ಸಿಗುತ್ತದೆ.

ತುಕಡಿಯವರು ಹೋ ಎಂದು ಕೂಗಿದರು. ತಟ್ಟೆ ಬಡಿದರು. ಮೇಜರ್ ಅಚ್ಯುತರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. “ಇನ್ನೊಮ್ಮೆ ಎಲ್ಲಾದರೂ ಸಿಕ್ಕುತ್ತೀರಿ,” ಎಂದರು. “ಓದುತ್ತಾ ಇರಿ,” ಎಂದಳು ಮಂದಾಕಿನಿ.

ಎಲ್ಲರೂ ಮತ್ತೆ ಊಟಕ್ಕೆ ಕೂತರು. ಅವಳು ಸಾಲಿನ ಪಕ್ಕದಲ್ಲೇ ನಡೆದು ತನ್ನ ಡೇರೆಗೆ ಹೊರಟಳು. ಗುರುಪಾದಪ್ಪ ತಲೆ ಎತ್ತಲಿಲ್ಲ. ತಟ್ಟೆಯಿಂದ ಒಂದು ಅಗುಳು ನೆಲಕ್ಕೆ ಬಿದ್ದಿತ್ತು. ಅವಳು ಎದುರಿಗೆ ಬಂದಾಗ ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಧೂಳು ಊದಿ, ಬಾಯಿಗೆ ಹಾಕಿಕೊಂಡ.

ಅವಳಿಗೆ ಅಷ್ಟು ಸಾಕಾಯಿತು.

ನೀತಿ: ನಂಬಿ ಹೇಳಿದವನ ಹೆಸರನ್ನು ಮುಚ್ಚಿಟ್ಟರೆ ಕೆಲಸ ಅರ್ಧವಷ್ಟೇ ಆಯಿತು. ಅವನ ಗುರುತು ಹಿಡಿದುಕೊಡುವ ಮಾತು ಎಷ್ಟೇ ಚೆಂದವಾಗಿದ್ದರೂ, ನಮಗೆ ಎಷ್ಟೇ ಪ್ರಿಯವಾಗಿದ್ದರೂ, ಅದನ್ನು ಬಿಟ್ಟುಕೊಡಬೇಕು. ಹೇಳಿದವನನ್ನು ಕಾಯಬೇಕು, ಅವನು ಹೇಳಿದ ನಿಜವನ್ನೂ ಕಾಯಬೇಕು.